ಸೆನೆಟರುಗಳ ಹಡಗು: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ಪ್ರಾಚೀನ ರೋಮಿನಲ್ಲಿ ಸೆನೆಟರುಗಳ (ಆಡಳಿತ ಸಭೆಯಾದ ಸೆನೆಟಿನ ಸದಸ್ಯರ) ಮೇಲಿದ್ದ ಕಾನೂನು ನಿರ್ಬಂಧಗಳನ್ನು ಕುರಿತ ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ನಿಮ್ಮ ಓದು ವಿಸ್ತಾರವಾಗಿದೆ, ಆದರೆ ಕ್ರಿ.ಪೂ. 218ರ ಕ್ಲಾಡಿಯನ್ ಕಾನೂನು ಬಂದೊಡನೆ ಸೆನೆಟರುಗಳು ವ್ಯಾಪಾರವನ್ನು ತೊರೆದರೆಂಬ ನಿಮ್ಮ ಮುಖ್ಯ ವಾದ ನಿಲ್ಲುವುದಿಲ್ಲ. ಕಾನೂನಿನಲ್ಲಿ ಬರೆದದ್ದನ್ನೇ ನಡೆದದ್ದೆಂದು ನೀವು ನಂಬಿದ್ದೀರಿ.

ಟ್ರಿಬ್ಯೂನ್ (ಸಾಮಾನ್ಯ ಜನರ ಪ್ರತಿನಿಧಿ) ಕ್ವಿಂಟಸ್ ಕ್ಲಾಡಿಯಸ್ ತಂದ ಆ ಕಾನೂನಿನಂತೆ, ಸೆನೆಟರಾಗಲಿ ಅವನ ಮಗನಾಗಲಿ 300 ಆಂಫೊರಾಗಳಿಗಿಂತ ಹೆಚ್ಚು ಸರಕು ಹಿಡಿಯುವ ಸಮುದ್ರದ ಹಡಗನ್ನು ಇಟ್ಟುಕೊಳ್ಳುವಂತಿರಲಿಲ್ಲ. ಆಂಫೊರಾ ಎಂದರೆ ಸುಮಾರು 26 ಲೀಟರಿನ ಅಳತೆಯೆಂದು ನೀವು ಹೇಳಿದ್ದರೆ, ಸ್ವಂತ ಜಮೀನಿನ ಫಸಲನ್ನು ಸಾಗಿಸಲಷ್ಟೇ ಸಾಲುವ ಹಡಗು ಅದೆಂಬುದು ಓದುಗರಿಗೆ ಹೊಳೆಯುತ್ತಿತ್ತು. ರೋಮಿನ ಇತಿಹಾಸಕಾರ ಲಿವಿಯ ಪ್ರಕಾರ ಇಡೀ ಸೆನೆಟಿನಲ್ಲಿ ಅದನ್ನು ಬೆಂಬಲಿಸಿದವನು ಗೇಯಸ್ ಫ್ಲಾಮಿನಿಯಸ್ ಒಬ್ಬನೇ. ಕುಲೀನರ ದ್ವೇಷ ಕಟ್ಟಿಕೊಂಡ ಅವನು ಜನರ ಒಲವಿನಿಂದ ಎರಡನೆಯ ಸಲ ರೋಮಿನ ಅತ್ಯುನ್ನತ ಅಧಿಕಾರಿಯಾದ ಕಾನ್ಸಲ್ ಆದ. ಇಂಥ ಮನುಷ್ಯನಿಗೆ ನಿಮ್ಮ ಲೇಖನದಲ್ಲಿ ಅರ್ಧ ವಾಕ್ಯವೂ ಸಿಕ್ಕಿಲ್ಲವೆಂಬುದು ನನಗೆ ನಿಜಕ್ಕೂ ಬೇಸರ ತಂದಿತು.

ಕಾನೂನಿನಿಂದ ನುಣುಚಿಕೊಂಡ ಬಗೆಯನ್ನೂ ನೀವು ಬಿಟ್ಟಿದ್ದೀರಿ. ಸದಾಚಾರಕ್ಕೆ ಹೆಸರಾದ ಸೆನೆಟರು ಹಿರಿಯ ಕೇಟೊ, ತನ್ನಿಂದ ಸಾಲ ಪಡೆಯುವವರು 50 ಜನರ ಪಾಲುದಾರಿಕೆ ಕಟ್ಟಿ 50 ಹಡಗುಗಳನ್ನು ಹೂಡಬೇಕೆಂದು ವಿಧಿಸಿ, ಅದರಲ್ಲಿ ಒಂದು ಪಾಲನ್ನು ತಾನು ಬಿಡುಗಡೆ ಮಾಡಿದ್ದ ಗುಲಾಮ ಕ್ವಿಂಟಿಯೊನ ಮೂಲಕ ಹಿಡಿಯುತ್ತಿದ್ದನೆಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆದಿದ್ದಾನೆ. ಕ್ರಿ.ಪೂ. 70ರಲ್ಲಿ, ಸಿಸಿಲಿಯ ರಾಜ್ಯಪಾಲನಾಗಿದ್ದ ವೆರೆಸ್ ಮೆಸ್ಸಾನಾದಲ್ಲಿ ಹಡಗು ಕಟ್ಟಿಸಿಕೊಂಡದ್ದನ್ನು ಖಂಡಿಸುವಾಗ ವಾಗ್ಮಿ ಸಿಸೆರೊ, ಅಂಥ ಕಾನೂನುಗಳು ಹಳೆಯವು, ಸತ್ತವು ಎಂದು ಎದುರು ಪಕ್ಷದ ವಕೀಲ ಹೇಳುತ್ತಿದ್ದ ಮಾತನ್ನೇ ಮೊದಲು ಎತ್ತುತ್ತಾನೆ. ಈ ಎರಡು ಪ್ರಸಂಗಗಳ ನಡುವೆ ನಿಮ್ಮ ಲೇಖನ ಬೆಳೆಯಬೇಕು.

ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದ ನಿರ್ಬಂಧಗಳನ್ನು ಇದೇ ಸಾಲಿಗೆ ಸೇರಿಸಿದ್ದು ಇನ್ನೊಂದು ದೋಷ. ಅನುಮತಿಯಿಲ್ಲದೆ ಸೆನೆಟರು ಈಜಿಪ್ಟಿಗೆ ಕಾಲಿಡಬಾರದೆಂಬ ನಿಯಮದ ಹಿಂದೆ ಇದ್ದದ್ದು ಸೆನೆಟಿನ ಘನತೆಯಲ್ಲ, ಧಾನ್ಯದ ಆ ನಾಡನ್ನು ಬೇರೊಬ್ಬ ಹಿಡಿದಾನೆಂಬ ಚಕ್ರವರ್ತಿಯ ಆತಂಕ. ಕ್ರಿ.ಶ. 19ರಲ್ಲಿ ಮುಂದಿನ ಚಕ್ರವರ್ತಿ ಟೈಬೀರಿಯಸ್, ಅನುಮತಿಯಿಲ್ಲದೆ ಅಲ್ಲಿಗೆ ಹೋದದ್ದಕ್ಕಾಗಿ ತನ್ನ ದತ್ತುಪುತ್ರ ಜರ್ಮಾನಿಕಸ್‌ನನ್ನೇ ಆಕ್ಷೇಪಿಸಿದ.

ಆದ್ದರಿಂದ ಹಡಗಿನ ಕಾನೂನೊಂದನ್ನೇ ಹಿಡಿದು, ಕೇಟೊನಿಂದ ಆರಂಭಿಸಿ ಮತ್ತೆ ಬರೆದು ಕಳುಹಿಸಿ. ಬಿಡುಗಡೆ ಪಡೆದ ದಾಸಿಯರನ್ನು ಸೆನೆಟರುಗಳು ವಿವಾಹವಾಗಬಾರದೆಂದ ಕ್ರಿ.ಪೂ. 18ರ ಕಾನೂನು ಬೇರೆಯೇ ಲೇಖನಕ್ಕೆ ತಕ್ಕ ವಸ್ತು. ನಟಿಯಾಗಿದ್ದ ಥಿಯೊಡೋರಾಳನ್ನು ಮುಂದೆ ಚಕ್ರವರ್ತಿಯಾದ ಜಸ್ಟಿನಿಯನ್ ವರಿಸಲೆಂದು, ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನ್ ಅಂಥ ನಿಷೇಧವನ್ನು ಸಡಿಲಿಸಿದವರೆಗೂ ಅದನ್ನು ಒಯ್ಯಬಹುದು.

ಇತಿ,
ಸಂಪಾದಕ