ನಿಲ್ಲುತ್ತೇನೆ ಎಂಬ ಮಾತು ನಿಮ್ಮ ಬಾಯಿಂದಲೇ ಬರಲಿ

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರು ಹೆಸರು, ಊರು ಪ್ರಕಟಿಸಬೇಡಿ ಎಂಬ ಕೋರಿಕೆಯೊಂದಿಗೆ ಬರೆದ ಪತ್ರದ ಸಾರ ಇದು: 'ನಾನು ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಬೇಕೆಂದಿದ್ದೇನೆ. ನಮ್ಮ ಮನೆಯವರು ಒಪ್ಪಿದ್ದಾರೆ. ಊರಿನ ಹಿರಿಯರು ಈಗಲೇ ಬಾಯಿ ಬಿಡಬೇಡ, ಮೀಸಲಾತಿ ಪಟ್ಟಿ ಬರಲಿ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಯಾರು ಹೆಚ್ಚು ಕೊಡುತ್ತಾರೋ ಅವರನ್ನು ಅವಿರೋಧವಾಗಿ ಆರಿಸೋಣ, ಇಲ್ಲದಿದ್ದರೆ ಊರು ಒಡೆಯುತ್ತದೆ ಎನ್ನುತ್ತಾರೆ. ಮೈದುನ ಯುಗಾದಿಗೆ ಫ್ಲೆಕ್ಸ್ ಹಾಕಿಸುತ್ತಾನಂತೆ, ಅದರಲ್ಲಿ ನಮ್ಮ ಮನೆಯವರ ಫೋಟೊ ದೊಡ್ಡದಾಗಿ ಇರಬೇಕಂತೆ. ನಾನು ಬರೆದ ಕರಪತ್ರ ಇದರ ಜೊತೆ ಇದೆ. ಯಾವಾಗ ಹೇಳಲಿ, ಹೇಗೆ ಹೇಳಲಿ?'

ಸಹೋದರಿ,

ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ. ಹಿರಿಯರದು ಇದೆ, ಮೈದುನನದು ಇದೆ, ಮನೆಯವರದು ಇದೆ. ನಿಮ್ಮ ಮಾತು ಒಂದೇ ಸಾಲು: ನಿಲ್ಲಬೇಕೆಂದಿದ್ದೇನೆ. ಆ ಸಾಲನ್ನು ನಮಗೆ ಬರೆದಷ್ಟೇ ನೇರವಾಗಿ ಊರಿಗೂ ಹೇಳಿ. ಬೇರೆ ಯಾರಾದರೂ ನಿಮ್ಮ ಪರವಾಗಿ ಹೇಳುವ ಮುಂಚೆ ಹೇಳಿ. ನಮ್ಮ ಉತ್ತರದ ತಿರುಳು ಇಷ್ಟೇ. ಆದರೆ ಕಾರಣಗಳನ್ನು ವಿವರವಾಗಿ ಬರೆಯದಿದ್ದರೆ ನಿಮ್ಮ ಧೈರ್ಯಕ್ಕೆ ಅನ್ಯಾಯ ಮಾಡಿದಂತಾಗುತ್ತದೆ.

ಮೊದಲು ಫ್ಲೆಕ್ಸ್ ವಿಷಯ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಆದರೂ ಸದಸ್ಯೆಯ ಹೆಸರಿನಲ್ಲಿ ಗಂಡ ಸಭೆಗೆ ಬರುವುದು, ಮಗ ಫೋನಿನಲ್ಲಿ ಅಪ್ಪಣೆ ಕೊಡುವುದು, ಕೊನೆಗೆ ಆಕೆ ತೋರಿಸಿದ ಜಾಗದಲ್ಲಿ ಸಹಿ ಹಾಕುವುದು ನಿಂತಿಲ್ಲ. ಇದು ಗೆದ್ದ ಮೇಲೆ ಶುರುವಾಗುವುದಿಲ್ಲ. 'ನಮ್ಮ ಮನೆಯವಳನ್ನು ನಿಲ್ಲಿಸಿದ್ದೇವೆ' ಎಂದು ಇನ್ನೊಬ್ಬರು ಸಾರಿದ ದಿನವೇ ಶುರುವಾಗುತ್ತದೆ. ನಿಮ್ಮನ್ನು ನಿಲ್ಲಿಸಿದವರಿಗೆ ನಿಮ್ಮನ್ನು ಕೂರಿಸುವ ಹಕ್ಕೂ ತಮ್ಮದೇ ಅನ್ನಿಸುತ್ತದೆ. ನಿಮ್ಮ ಮನೆಯವರು ಒಪ್ಪಿದ್ದಾರೆ ಎಂದು ಬರೆದಿದ್ದೀರಿ, ಅದು ಸಂತೋಷದ ಸಂಗತಿ. ಅವರು ನಿಮ್ಮ ಜೊತೆ ಮನೆಮನೆಗೆ ಬರಲಿ, ಸೈಕಲ್ ಮೋಟಾರಿನಲ್ಲಿ ಕರೆದೊಯ್ಯಲಿ, ಮಕ್ಕಳನ್ನು ನೋಡಿಕೊಳ್ಳಲಿ. ಫೋಟೊ ಮಾತ್ರ ನಿಮ್ಮೊಬ್ಬರದೇ ಇರಲಿ. ಮತ ಕೇಳುವ ಮಾತನ್ನು ನೀವೇ ಆಡಿ.

ಇನ್ನು ಹಿರಿಯರು ಹೇಳಿದ ಅವಿರೋಧ ಆಯ್ಕೆ. ದೇವಸ್ಥಾನಕ್ಕೆ ಹೆಚ್ಚು ಹಣ ಕೊಟ್ಟವರಿಗೆ ಸ್ಥಾನ ಬಿಡುವುದು ಹರಾಜು. ಹಣ ದೇವರ ಹುಂಡಿಗೆ ಹೋದರೂ ಹರಾಜು ಹರಾಜೇ. 2020ರ ಡಿಸೆಂಬರ್ ಚುನಾವಣೆಯ ಹೊತ್ತಿಗೆ ರಾಜ್ಯದ ಹಲವು ಕಡೆಗಳಿಂದ ಹೀಗೆ ಸ್ಥಾನ ಹರಾಜಾದ ಸುದ್ದಿ ಬಂದು, ರಾಜ್ಯ ಚುನಾವಣಾ ಆಯೋಗ ಕ್ರಮದ ಎಚ್ಚರಿಕೆ ಕೊಡಬೇಕಾಯಿತು. ಲಕ್ಷಗಟ್ಟಲೆ ಕೊಟ್ಟು ಬಂದವರು ಅದನ್ನು ಎಲ್ಲಿಂದ ತುಂಬಿಕೊಳ್ಳುತ್ತಾರೆ ಎಂಬುದು ಲೆಕ್ಕ ಬರೆಯುವ ನಿಮಗೆ ಗೊತ್ತಿಲ್ಲದ್ದಲ್ಲ. ಅಲ್ಲದೆ ಹರಾಜಿನಲ್ಲಿ ಕೂಗುವ ಶಕ್ತಿ ಯಾರಿಗಿದೆ? ಕೂಲಿಗೆ ಹೋಗುವ ಮನೆಯ ಹೆಂಗಸು, ಕೇರಿಯ ಓದಿದ ಹುಡುಗ, ಇವರೆಲ್ಲ ಒಂದೇ ಏಟಿಗೆ ಹೊರಗುಳಿಯುತ್ತಾರೆ. ಸಂವಿಧಾನ ಅವರಿಗೆ ಕೊಟ್ಟ ಹಕ್ಕನ್ನು ಊರಿನ ಕಟ್ಟೆಯಲ್ಲಿ ಕೂತು ಮಾರುವ ಅಧಿಕಾರ ಯಾವ ಹಿರಿಯರಿಗೂ ಇಲ್ಲ. ಇಡೀ ಊರು, ಕೇರಿಯೂ ಸೇರಿದಂತೆ, ಹಣದ ಮಾತೇ ಇಲ್ಲದೆ ಒಬ್ಬರನ್ನು ಮನಸಾರೆ ಒಪ್ಪಿದರೆ ಅದು ಬೇರೆ. ಅಂಥದ್ದು ನಡೆದರೆ ನಾವೂ ಗೌರವಿಸುತ್ತೇವೆ.

ಊರು ಒಡೆಯುತ್ತದೆ ಎಂಬ ಅಳುಕು ನಿಮ್ಮನ್ನು ಹೆಚ್ಚು ಕಾಡಿದೆ ಎಂದು ಪತ್ರ ಓದಿದರೆ ತಿಳಿಯುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಎದುರಾಳಿ ಎಂದರೆ ಪಕ್ಕದ ಗದ್ದೆಯವರು. ನಾಲೆ ನೀರಿನ ಸರದಿಗೆ ಅವರ ಜೊತೆ ಮಾತಾಡಲೇಬೇಕು, ಬೆಳಗ್ಗೆ ಡೇರಿಯಲ್ಲಿ ಅವರ ಹಿಂದೆಯೇ ಕ್ಯಾನು ಹಿಡಿದು ನಿಲ್ಲಬೇಕು. ಚುನಾವಣೆ ಮುಗಿದು ವರ್ಷಗಳಾದರೂ ಮದುವೆಗೆ ಕರೆಯದ, ಸಾವಿಗೆ ಹೋಗದ ಮನೆಗಳು ಮಂಡ್ಯದ ಊರೂರಲ್ಲೂ ಇವೆ. ಆದರೆ ಆ ಹಗೆ ಸ್ಪರ್ಧೆಯಿಂದಲೇ ಬಂದದ್ದೆಂದು ನಾವು ನಂಬುವುದಿಲ್ಲ. 'ನನಗೆ ಒಂದು ಮಾತೂ ಹೇಳದೆ ನಿಂತುಬಿಟ್ಟ' ಎಂಬ ಅವಮಾನದಿಂದ, ಕೊನೆಯ ರಾತ್ರಿ ಹಂಚಿದ ಹಣದಿಂದ, ಮನೆಯ ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತಿನಿಂದ ಬಂದದ್ದೇ ಹೆಚ್ಚು.

ಆದ್ದರಿಂದ ನಮ್ಮ ಸಲಹೆ ಇದು. ಸಂಘದ ಗೆಳತಿಯರಿಗೆ ಹೇಳುವ ಮುಂಚೆಯೇ, ಈಗಿನ ಅಥವಾ ಹಿಂದಿನ ಸದಸ್ಯರ ಮನೆಗೆ ಹೋಗಿ. ನಿಲ್ಲಬಹುದು ಎಂದು ಊರು ಮಾತಾಡಿಕೊಳ್ಳುವ ಇನ್ನುಳಿದವರ ಮನೆಗೂ ಹೋಗಿ. 'ಅಣ್ಣಾ, ನಾನು ನಿಲ್ಲುತ್ತಿದ್ದೇನೆ. ನಿಮಗೆ ನನ್ನಿಂದಲೇ ಗೊತ್ತಾಗಲಿ ಎಂದು ಬಂದೆ' ಎನ್ನಿ. ಅಪ್ಪಣೆ ಕೇಳಬೇಡಿ. ಕಾಫಿ ಕೊಟ್ಟರೆ ಕುಡಿಯಿರಿ, ವಾದ ತೆಗೆದರೆ ಕೈಮುಗಿದು ಎದ್ದು ಬನ್ನಿ. ಬೆನ್ನ ಹಿಂದೆ ಕೇಳಿದ ಸುದ್ದಿಗೂ ಮನೆಯಂಗಳದಲ್ಲಿ ಕೇಳಿದ ಸುದ್ದಿಗೂ ಬಹಳ ಅಂತರವಿದೆ. ಆಮೇಲೆ ಗ್ರಾಮಸಭೆ ನಡೆದರೆ ಅಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ. ಕುಡಿಯುವ ನೀರಿನ ಖರ್ಚಿನ ಬಗ್ಗೆಯೇ ಕೇಳಿ, ಅದು ನಿಮ್ಮ ಕೈಗೆ ಸಿಗುವ ವಿಷಯ. ಮುಂದಿನ ಸದಸ್ಯೆ ಹೇಗೆ ಮಾತಾಡುತ್ತಾಳೆ ಎಂಬುದನ್ನು ಊರು ಅಲ್ಲೇ ಕೇಳಲಿ.

ಮೀಸಲಾತಿ ಪಟ್ಟಿಗೆ ಕಾಯುವ ಮಾತಿನಲ್ಲಿ ಅರ್ಧ ಸತ್ಯವಿದೆ. ಯಾವ ಸ್ಥಾನ ಯಾವ ವರ್ಗಕ್ಕೆ ಎಂದು ತಿಳಿಯದೆ ನಾಮಪತ್ರ ಸಲ್ಲಿಸಲು ಆಗದು, ನಿಜ. ಆದರೆ ಮಹಿಳಾ ಮೀಸಲು ಬಂದರೆ ಮಾತ್ರ ಹೆಂಗಸು ನಿಲ್ಲಬೇಕು ಎಂಬ ತಿಳಿವಳಿಕೆ ತಪ್ಪು. ಸಾಮಾನ್ಯ ಸ್ಥಾನಕ್ಕೂ ನೀವು ನಿಲ್ಲಬಹುದು. ಇದನ್ನು ಹಿರಿಯರಿಗೆ ವಿನಯದಿಂದ, ಆದರೆ ಗಟ್ಟಿಯಾಗಿ ಹೇಳಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ ಎಂಬುದನ್ನೂ ನೆನಪಿಡಿ. ಇಂಥವರ 'ಬೆಂಬಲಿತ ಅಭ್ಯರ್ಥಿ' ಎಂಬ ಹಣೆಪಟ್ಟಿ ಹಚ್ಚಲು ತಾಲ್ಲೂಕು ಮಟ್ಟದ ಮುಖಂಡರು ಬಂದರೆ, ಬೇಡ ಎನ್ನುವ ಸ್ವಾತಂತ್ರ್ಯ ನಿಮಗಿದೆ.

ಹೆಂಗಸರು ಪಂಚಾಯಿತಿಯಲ್ಲಿ ಕೂರುವುದು ಈ ಸೀಮೆಗೆ ಹೊಸದೂ ಅಲ್ಲ. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿಯನ್ನು ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಮುಂಚೆಯೇ, 1983ರ ಕರ್ನಾಟಕದ ಕಾಯ್ದೆ ಮಹಿಳೆಯರಿಗೆ ಶೇಕಡ 25 ಸ್ಥಾನ ಕೊಟ್ಟಿತ್ತು. ಅದರಂತೆ 1987ರಲ್ಲಿ, ಇಂದಿನ ಗ್ರಾಮ ಪಂಚಾಯಿತಿಗೆ ಮುಂಚೆ ಇದ್ದ ಮಂಡಲ ಪಂಚಾಯಿತಿಯ ಚುನಾವಣೆ ನಡೆಯಿತು. ಅದರ ಹಿಂದೆ ನಿಂತ ಮಂತ್ರಿ ಅಬ್ದುಲ್ ನಜೀರ್ ಸಾಬ್ ದೂರದವರಲ್ಲ, ಗುಂಡ್ಲುಪೇಟೆಯವರು. ಹಳ್ಳಿಹಳ್ಳಿಗೆ ಕೊಳವೆ ಬಾವಿ ತೋಡಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದರು. ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಮೈಸೂರಿನಲ್ಲಿದೆ, ಗೆದ್ದ ಸದಸ್ಯರಿಗೆ ತರಬೇತಿ ಕೊಡುವುದು ಅದರ ಕೆಲಸಗಳಲ್ಲಿ ಒಂದು. ನಿಮ್ಮ ಹೋಬಳಿಯಲ್ಲಿ ಆ ಮಂಡಲ ಪಂಚಾಯಿತಿಯ ಕಾಲದ ಸದಸ್ಯೆ ಯಾರಾದರೂ ಇದ್ದರೆ ಹುಡುಕಿಕೊಂಡು ಹೋಗಿ ಮಾತಾಡಿಸಿ. ಆ ಮೊದಲ ಸಭೆಗೆ ಅವರು ಹೇಗೆ ಹೋದರು ಎಂದು ಕೇಳಿ.

ಈಗ ಕರಪತ್ರ. ನೀವು ಬರೆದ ಭರವಸೆಗಳಲ್ಲಿ ಮೂರನ್ನು ಹೊಡೆದುಹಾಕಿದ್ದೇವೆ, ಬೇಸರ ಬೇಡ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗಕ್ಕೆ ನೀರು ಬಿಡುವುದು ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ. ಕಬ್ಬಿನ ನ್ಯಾಯಸಮ್ಮತ ದರ ನಿಗದಿ ಮಾಡುವುದು ಕೇಂದ್ರ ಸರ್ಕಾರ. ಬಸ್ಸು ಸಾರಿಗೆ ಸಂಸ್ಥೆಯದು. ಇವುಗಳಿಗಾಗಿ ಪಂಚಾಯಿತಿ ಠರಾವು ಮಾಡಿ ಒತ್ತಾಯಿಸಬಹುದು, ಅಷ್ಟನ್ನೇ ಬರೆಯಿರಿ. ಉಳಿಸಿಕೊಂಡದ್ದು ಕುಡಿಯುವ ನೀರು, ಚರಂಡಿ, ಬೀದಿದೀಪ, ಗ್ರಂಥಾಲಯ. ನೀವು ಬರೆಯದ ಒಂದನ್ನು ನಾವು ಸೇರಿಸಿದ್ದೇವೆ: ಪಂಚಾಯಿತಿಯ ಜಮಾ ಖರ್ಚನ್ನು ಪ್ರತಿ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ ಎಂಬುದು. ಸಂಘದ ಒಂದು ರೂಪಾಯಿಯೂ ತಪ್ಪದಂತೆ ಲೆಕ್ಕ ಇಟ್ಟವರು ಎಂದು ಊರು ನಿಮ್ಮನ್ನು ಬಲ್ಲದು, ಆ ಭರವಸೆಯನ್ನು ನಿಮ್ಮಷ್ಟು ಹಕ್ಕಿನಿಂದ ಕೊಡಬಲ್ಲವರು ಅಲ್ಲಿ ಬೇರೆ ಯಾರಿದ್ದಾರೆ?

'ಸಮಸ್ತ ಮತದಾರ ಬಾಂಧವರಲ್ಲಿ' ಎಂದು ಶುರುವಾಗುವ ಸಾಲು ತೆಗೆದು ನಿಮ್ಮ ಹೆಸರು, ಮನೆ ಇರುವ ಬೀದಿ, ಸಂಘದ ಕೆಲಸ ಮೊದಲಿಗೆ ಹಾಕಿದ್ದೇವೆ. ಮನೆ ಕಂದಾಯ ಬಾಕಿ ಇದ್ದರೆ ಅಚ್ಚಿಗೆ ಕೊಡುವ ಮುಂಚೆಯೇ ಕಟ್ಟಿ ರಸೀದಿ ಇಟ್ಟುಕೊಳ್ಳಿ, ಯಾರಾದರೂ ಕೇಳಿಯೇ ಕೇಳುತ್ತಾರೆ. ಅಚ್ಚು ಮಾಡಿದ ಮುದ್ರಣಾಲಯದ ಹೆಸರು, ವಿಳಾಸ ಕೆಳಗೆ ಇರಲಿ. ತಿದ್ದಿದ ಪ್ರತಿಯನ್ನು ನಿಮ್ಮ ಹೆಸರಿಗೇ ಅಂಚೆಯಲ್ಲಿ ಕಳುಹಿಸಿದ್ದೇವೆ.

— ಸಂಪಾದಕ