ಸ್ಪ್ರೇ ಆಮೇಲೆ, ಮೊದಲು ಚೈನ್ ಎಷ್ಟು ಸಡಿಲ ಇದೆ ನೋಡಿ

ಆಫ್‌ರೋಡ್ ಬೈಕ್ ನನ್ನದು. ಚೂರೂ ಲೂಸ್ ಇಲ್ಲದ ಹಾಗೆ ಚೈನ್ ಬಿಗಿ ಮಾಡಿದ್ದೇನೆ. ಪ್ರತಿ ಸಲ ಹೊರಡುವ ಮುಂಚೆ ಲೂಬ್ ಹೊಡೆಯುತ್ತೇನೆ. ಆದರೂ ಚೈನ್, ಸ್ಪ್ರಾಕೆಟ್ ಬೇಗ ಸವೆಯುತ್ತಿವೆ. ಯಾವ ಸ್ಪ್ರೇ ಒಳ್ಳೆಯದು?

ನನಗೆ ಬರುವ ಅರ್ಧ ಪ್ರಶ್ನೆಗಳು 'ಯಾವ ಸ್ಪ್ರೇ' ಅಂತಲೇ ಮುಗಿಯುತ್ತವೆ. ನಿಮ್ಮ ತೊಂದರೆ ಡಬ್ಬಿಯಲ್ಲಿಲ್ಲ. 'ಚೂರೂ ಲೂಸ್ ಇಲ್ಲದ ಹಾಗೆ' ಅಂದಿರಲ್ಲ, ಅಲ್ಲಿದೆ.

ಸ್ಟ್ಯಾಂಡ್ ಮೇಲಿಟ್ಟ ಬೈಕಿನಲ್ಲಿ ಹಿಂದಿನ ಚಕ್ರ ಕೆಳಕ್ಕೆ ಜೋತುಬಿದ್ದಿರುತ್ತದೆ. ಓಡುವಾಗ ಅದು ಮೇಲಕ್ಕೆ ಕೆಳಕ್ಕೆ ಆಡುತ್ತದೆ. ದೊಡ್ಡ ಮೋಟೋಕ್ರಾಸ್ ಬೈಕಿನಲ್ಲಿ ಈ ಆಟ ಸುಮಾರು 300 ಮಿ.ಮೀ. ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲುಚಕ್ರ, ಇರುವುದು ಒಂದು ಕಡೆ; ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ಅದೇ ಸ್ವಿಂಗ್ ಆರ್ಮ್, ತಿರುಗುವ ಪಿವಟ್ ಇನ್ನೊಂದು ಕಡೆ. ಹಾಗಾಗಿ ಚಕ್ರ ಮೇಲೇರಿದಂತೆ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಹೆಚ್ಚುತ್ತದೆ. ಮುಂದಿನ ಸ್ಪ್ರಾಕೆಟ್, ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಆ ದೂರ ಎಲ್ಲಕ್ಕಿಂತ ಜಾಸ್ತಿ. ನೀವು ಬಿಗಿದಿಟ್ಟ ಚೈನ್ ಆಗ ತಂಬೂರಿ ತಂತಿ ಆಗುತ್ತದೆ. ಜಂಪ್ ಇಳಿದಾಗಿನ ಎಳೆತವೆಲ್ಲ ಚೈನ್ ಮೇಲಷ್ಟೇ ಅಲ್ಲ, ಮುಂದಿನ ಸ್ಪ್ರಾಕೆಟ್ ಕೂತಿರುವ ಶಾಫ್ಟಿನ ಬೇರಿಂಗ್ ಮೇಲೂ ಬೀಳುತ್ತದೆ. ಹೊಸದರಲ್ಲಿ ನಾನೂ ಹೀಗೇ ಬಿಗಿದು, ಕೊನೆಗೆ ಎಂಜಿನ್ ಬಿಚ್ಚಬೇಕಾಯಿತು. ಅದಕ್ಕೇ ಈ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಇನ್ನು ಕೆಸರಿಗಿಳಿದರೆ ಹಲ್ಲುಗಳ ನಡುವೆ ಮಣ್ಣು ತುಂಬಿ ಚೈನ್ ಇನ್ನಷ್ಟು ಬಿಗಿಯುತ್ತದೆ.

ಒಂದು ಸಲ ಹೀಗೆ ಮಾಡಿ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ತೆಗೆದು, ಚಕ್ರ ಎತ್ತಿ, ಆ ಮೂರನ್ನೂ ಒಂದೇ ಗೆರೆಗೆ ತನ್ನಿ. ಅಲ್ಲೂ ಚೈನ್ ಬೆರಳಿಗೆ ಸ್ವಲ್ಪ ಆಡಬೇಕು. ಬೋಲ್ಟ್ ವಾಪಸ್ ಹಾಕಿ, ಸ್ಟ್ಯಾಂಡ್ ಮೇಲೆ ಈಗ ಎಷ್ಟು ಸಡಿಲ ಇದೆ ಅಳೆದು, ಮ್ಯಾನುಯಲ್ ಜೊತೆ ಹೋಲಿಸಿ ಬರೆದಿಟ್ಟುಕೊಳ್ಳಿ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಚಕ್ರ ತಿರುಗಿಸುತ್ತಾ, ಎಲ್ಲಿ ಹೆಚ್ಚು ಬಿಗಿ ಇದೆಯೋ ಅಲ್ಲೇ ಅಳೆಯಿರಿ. ನೋಡುವವರಿಗೆ ಜೋತಾಡುವ ಚೈನ್ ಅನ್ನಿಸುತ್ತದೆ. ಅನ್ನಿಸಲಿ ಬಿಡಿ.

ಲೂಬ್ ವಿಷಯ ಇಷ್ಟೇ. ಓ-ರಿಂಗ್ ಚೈನ್ ಆದರೆ ಪಿನ್‌ಗೆ ಬೇಕಾದ ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ರಬ್ಬರ್ ರಿಂಗಿನಿಂದ ಮುಚ್ಚಿರುತ್ತಾರೆ. ನಿಮ್ಮ ಸ್ಪ್ರೇ ಒಳಗೆ ಹೋಗುವುದಿಲ್ಲ. ರೋಲರ್‌ಗೆ ತೆಳ್ಳಗೆ ಎಣ್ಣೆ ಬೇಕು, ತುಕ್ಕು ಹಿಡಿಯಬಾರದು, ರಿಂಗ್ ಒಣಗಬಾರದು. ಅದಕ್ಕೆ 80ಡಬ್ಲ್ಯೂ-90 ಗೇರ್ ಆಯಿಲ್ ಸಾಕು. ಹೊರಡುವ ಮುಂಚೆ ಅಂಟು ಸ್ಪ್ರೇ ಬಳಿದು ಮರಳಿಗೆ ಇಳಿದರೆ, ಹಲ್ಲುಗಳಿಗೆ ಉಜ್ಜುವ ಪೇಸ್ಟ್ ಹಚ್ಚಿದ ಹಾಗೇ. ಸವಾರಿ ಮುಗಿಸಿ, ತೊಳೆದು, ಒಣಗಿಸಿ ಹಚ್ಚಿ. ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ.

ಪೆಟ್ರೋಲಿನಲ್ಲಿ ತೊಳೆಯಬಹುದಾ?

ಬೇಡ. ಸೀಮೆಎಣ್ಣೆ, ಮೆತ್ತನೆ ಬ್ರಷ್. ತಂತಿ ಬ್ರಷ್ ಮುಟ್ಟಲೇಬೇಡಿ, ರಿಂಗ್ ಹರಿಯುತ್ತದೆ.

ಹಳೇ ಎಂಜಿನ್ ಆಯಿಲ್‌ಗಿಂತ ಒಳ್ಳೆಯದಿಲ್ಲ ಅಂತ ಒಬ್ಬ ಮೆಕ್ಯಾನಿಕ್ ಹೇಳಿದ...

ಎಂಜಿನ್ ಕೊಳೆಯಾಗುತ್ತೆ ಅಂತ ಹೊರಗೆ ತೆಗೆದ ಎಣ್ಣೆ ಅದು. ಮೆಕ್ಯಾನಿಕ್ ಬದಲಾಯಿಸಿ.

ಚೈನ್ ಉದ್ದ ಆಗಿದೆ. ಒಂದು ಲಿಂಕ್ ತೆಗೆಸಿ, ಹಿಂದಿನ ಸ್ಪ್ರಾಕೆಟ್ ಮಾತ್ರ ಹೊಸದು ಹಾಕಿಸಲಾ?

ಲಿಂಕಿನ ಪಟ್ಟಿ ಹಿಗ್ಗಿಲ್ಲ, ಪಿನ್ ಮತ್ತು ಅದರ ಸುತ್ತಲಿನ ಬುಷ್ ಸವೆದಿವೆ. 520 ಅನ್ನುವ ಸೈಜಿನ ಚೈನ್ ಹೊಸದಿದ್ದಾಗ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 15.875 ಮಿ.ಮೀ., ಅಂದರೆ 20 ಲಿಂಕಿಗೆ 317.5. ಸವೆದ ಮೇಲೆ ಪ್ರತಿ ಲಿಂಕಿನಲ್ಲೂ ಈ ಅಳತೆ ತಪ್ಪಿರುತ್ತದೆ, ಒಂದು ತೆಗೆದರೆ ಉಳಿದವು ಸರಿಹೋಗುತ್ತವಾ? ಹೊಸ ಹಲ್ಲನ್ನೂ ತಿಂದುಹಾಕುತ್ತದೆ ಅಷ್ಟೇ. ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಾಯಿಸಿ.

ಚೈನಿನ ತುದಿಗಳನ್ನು ಜೋಡಿಸುವ ಲಾಕ್ ಕ್ಲಿಪ್ ಯಾವ ಕಡೆಗೆ?

ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ.

ಎಂಜಿನ್ ಸ್ಟಾರ್ಟ್ ಮಾಡಿ ಗೇರಿಗೆ ಹಾಕಿಬಿಟ್ಟರೆ ಚೈನ್ ಒರೆಸೋದು ಸುಲಭ ಅಲ್ವಾ?

ಬೆರಳು ಹೋಗುವುದೂ ಸುಲಭ. ಎಂಜಿನ್ ಆಫ್, ನ್ಯೂಟ್ರಲ್, ಚಕ್ರ ಕೈಯಲ್ಲೇ ತಿರುಗಿಸಿ. ಆಗಲೂ ಬಟ್ಟೆ ಹಿಡಿದ ಕೈ ಸ್ಪ್ರಾಕೆಟ್ ಹತ್ತಿರ ಸುಳಿಯಬಾರದು.