ಕಾಗದದ ನಕ್ಷತ್ರ, ನೆನಪಿನ ಪುಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರಿಸ್‌ಮಸ್ ಹಬ್ಬಕ್ಕೆ ಕೈಯಾರೆ ಮಾಡುವ ಕಾಗದದ ಕೆಲಸವನ್ನೂ ಫೋಟೊ, ಬರಹ, ಅಲಂಕಾರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಮಾಡುವ ಸ್ಕ್ರ್ಯಾಪ್‌ಬುಕ್‌ಗಳನ್ನೂ ಕುರಿತವು. ಎಲ್ಲಕ್ಕೂ ಉತ್ತರಿಸಲು ಇಲ್ಲಿ ಸ್ಥಳವಿಲ್ಲ. ನಮ್ಮ ಜಿಲ್ಲೆಯ ಉಪ್ಪುಗಾಳಿ, ಇಬ್ಬನಿ ಮತ್ತು ನಮ್ಮ ಮನೆಗಳ ಹಳೆಯ ಆಲ್ಬಮ್ಮುಗಳ ಸ್ಥಿತಿಯನ್ನು ಗಮನದಲ್ಲಿಟ್ಟು ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಕುಟುಂಬ ನಮ್ಮದು. ಹಳೆಯ ಮನೆಯಲ್ಲಿ ಆಚರಿಸಿದ ಕ್ರಿಸ್‌ಮಸ್‌ಗಳ 23 ಫೋಟೊಗಳಷ್ಟೇ ಉಳಿದಿವೆ. ಕೆಲವು ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿವೆ. ಎಂಬತ್ತು ದಾಟಿದ ಅಜ್ಜಿಗೆ ಈ ಹಬ್ಬದಲ್ಲಿ ಡಿಜಿಟಲ್ ಸ್ಕ್ರ್ಯಾಪ್‌ಬುಕ್ ಮಾಡಿ, ಮುದ್ರಿಸಿ ಕೊಡಬೇಕೆಂಬ ಆಸೆ. ಎಲ್ಲಿಂದ ಆರಂಭಿಸಲಿ?
— ಓದುಗರು, ಕಾರವಾರ ತಾಲ್ಲೂಕು

ಉತ್ತರ: ಅಜ್ಜಿಯ ಪಕ್ಕದಲ್ಲಿ ಕುಳಿತು ಆರಂಭಿಸಿ, ಕಂಪ್ಯೂಟರ್ ಆಮೇಲೆ. ಒಂದೊಂದೇ ಫೋಟೊವನ್ನು ಅವರ ಕೈಗೆ ಕೊಟ್ಟು, ಯಾರು, ಯಾವ ಕೋಣೆ, ಯಾವ ವರ್ಷ ಎಂದು ಕೇಳಿ, ಅವರು ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಇಸವಿ ನೆನಪಾಗದಿದ್ದರೆ ಒತ್ತಾಯಿಸಬೇಡಿ. ‘ಬಾವಿ ತೋಡಿಸಿದ ವರ್ಷ’, ‘ಚಿಕ್ಕಮ್ಮನ ಮದುವೆಯ ಹಿಂದಿನ ನತಾಲ್ (ಕ್ರಿಸ್‌ಮಸ್)’ ಎಂಬ ಗುರುತುಗಳೇ ಸಾಕು. ಅವರು ಕೊಂಕಣಿಯಲ್ಲಿ ಹೇಳಿದ್ದನ್ನು ಶುದ್ಧೀಕರಿಸಿ ಕನ್ನಡಕ್ಕೆ ತಿರುಗಿಸದೆ, ಅವರ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಉತ್ತಮ. ಫೋಟೊ ಮಸುಕಾದರೆ ಸರಿಪಡಿಸುವ ತಂತ್ರಾಂಶಗಳಿವೆ, ಆದರೆ ಬಾಗಿಲ ಬಳಿ ಅರ್ಧ ಮಾತ್ರ ಕಾಣುವ ಹುಡುಗ ಯಾರೆಂದು ಹೇಳಬಲ್ಲವರು ನಿಮ್ಮ ಮನೆಯಲ್ಲಿ ಅಜ್ಜಿಯೊಬ್ಬರೇ ಇರಬಹುದು.

ಅಂಟಿಕೊಂಡ ಫೋಟೊಗಳನ್ನು ಎಳೆದು ಬಿಡಿಸುವ ಸಾಹಸ ಬೇಡ. ಅವನ್ನು ಪ್ಲಾಸ್ಟಿಕ್ಕಿನ ಸಮೇತವಾಗಿಯೇ ಸ್ಕ್ಯಾನ್ ಮಾಡಿ. ಚೌಕಟ್ಟಿನ ಗಾಜಿಗೆ ಅಂಟಿದ ಚಿತ್ರಗಳಿಗೂ ಇದೇ ಕ್ರಮ. ಬೂಸು ಬಂದಿದ್ದರೆ ಒದ್ದೆ ಬಟ್ಟೆಯಿಂದ ಎಂದಿಗೂ ಒರೆಸಬಾರದು, ಬಣ್ಣದ ಪದರವೇ ಕಿತ್ತುಬರುತ್ತದೆ. ಮೊದಲು ನೆರಳಿನಲ್ಲಿ ಗಾಳಿಗೆ ಚೆನ್ನಾಗಿ ಒಣಗಲು ಬಿಟ್ಟು, ಆಮೇಲೆ ಮೃದುವಾದ ಬ್ರಷ್ಷಿನಿಂದ ಸವರಿ. 3.5×5 ಇಂಚಿನ ಹಳೆಯ ಫೋಟೊವನ್ನು 600 ಡಿಪಿಐನಲ್ಲಿ (ಒಂದು ಇಂಚಿಗೆ 600 ಚುಕ್ಕಿಗಳಂತೆ) ಸ್ಕ್ಯಾನ್ ಮಾಡಿದರೆ 2100×3000 ಪಿಕ್ಸೆಲ್ ಸಿಗುತ್ತದೆ, ಎಂದರೆ ಅದನ್ನು 300 ಡಿಪಿಐ ಮುದ್ರಣದಲ್ಲಿ 7×10 ಇಂಚಿಗೆ ಹಿಗ್ಗಿಸಬಹುದು. ಪಾಸ್‌ಪೋರ್ಟ್ ಅಳತೆಯ ಚಿತ್ರಗಳಿಗೆ 1200 ಇರಲಿ. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡುವುದನ್ನು ಮರೆಯಬೇಡಿ: ಸ್ಟುಡಿಯೊದ ಮೊಹರು, ಪೆನ್ಸಿಲ್ಲಿನಲ್ಲಿ ಬರೆದ ಒಂದು ಹೆಸರು, ಲೆಕ್ಕ ಕೂಡಿದ ಗುರುತು, ಇವೆಲ್ಲ ಪುಟದ ಮೇಲೆ ಬರಬೇಕಾದವು. ಸ್ಕ್ಯಾನರ್ ಇಲ್ಲದಿದ್ದರೆ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಫೋಟೊವನ್ನು ಸಮತಟ್ಟಾಗಿ ಇಟ್ಟು, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ.

ಪುಟದ ಅಳತೆಯನ್ನು ಮೊದಲೇ ನಿಶ್ಚಯಿಸಿ. ಸ್ಕ್ರ್ಯಾಪ್‌ಬುಕ್ ಮಾಡುವವರಲ್ಲಿ 12×12 ಇಂಚಿನ ಚೌಕಪುಟ ರೂಢಿಯಲ್ಲಿದೆ. ಅದಕ್ಕೆ 3600×3600 ಪಿಕ್ಸೆಲ್ ಬೇಕು. ನಾನು ನಿಮಗೆ ಎ4 ಅಳತೆಯನ್ನು, ಎಂದರೆ 2480×3508 ಪಿಕ್ಸೆಲ್ಲನ್ನು ಸೂಚಿಸುತ್ತೇನೆ, ಏಕೆಂದರೆ ಯಾವ ಪೇಟೆಯಲ್ಲಾದರೂ ಅದನ್ನು ಮುದ್ರಿಸಿ ಬೈಂಡ್ ಮಾಡಿಸಬಹುದು ಮತ್ತು ಅಜ್ಜಿಗೆ ತೊಡೆಯ ಮೇಲೆ ಇಟ್ಟುಕೊಂಡು ನೋಡಲು ಅನುಕೂಲ. ಹೊಲಿಗೆಯ ಬದಿಗೆ ಒಂದು ಇಂಚು ಖಾಲಿ ಬಿಡಿ. ಅಕ್ಷರಗಳು 18 ಪಾಯಿಂಟ್‌ಗಿಂತ ಚಿಕ್ಕದಾಗಬಾರದು.

ಜಿಂಪ್ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಸಾಕು. ಹಿನ್ನೆಲೆಯ ಕಾಗದ, ಅದರ ಮೇಲೆ ಫೋಟೊ, ಅದರ ಮೇಲೆ ರಿಬ್ಬನ್ನು ಅಥವಾ ಎಲೆ, ಎಲ್ಲಕ್ಕಿಂತ ಮೇಲೆ ಬರವಣಿಗೆ, ಹೀಗೆ ಒಂದೊಂದನ್ನೂ ಬೇರೆ ಬೇರೆ ಪದರದಲ್ಲಿಡಿ. ಪುಟ ನಿಜವಾದ ಕಾಗದದಂತೆ ಕಾಣಬೇಕಾದರೆ ಎಲ್ಲ ನೆರಳುಗಳೂ ಒಂದೇ ದಿಕ್ಕಿಗೆ ಬೀಳಬೇಕು. ತೆಳು ಕಾಗದಕ್ಕೆ ಸಣ್ಣ ನೆರಳು, ರಿಬ್ಬನ್ನಿನಂಥ ಉಬ್ಬಿದ ವಸ್ತುವಿಗೆ ದೊಡ್ಡ ನೆರಳು. ಅಜ್ಜಿಯ ಅಥವಾ ತೀರಿಕೊಂಡ ಅಜ್ಜನ ಕೈಬರಹದ ಒಂದು ಕಾಗದವಿದ್ದರೆ ಅದನ್ನು ಸ್ಕ್ಯಾನ್ ಮಾಡಿ, ಆ ಪದರವನ್ನು ‘ಮಲ್ಟಿಪ್ಲೈ’ ವಿಧಾನಕ್ಕೆ ಬದಲಿಸಿದರೆ ಬಿಳಿಯ ಭಾಗ ಮಾಯವಾಗಿ ಶಾಯಿ ಮಾತ್ರ ನಿಮ್ಮ ಪುಟದ ಮೇಲೆ ಉಳಿಯುತ್ತದೆ. ನನ್ನ ಅನುಭವದಲ್ಲಿ ಇಡೀ ಪುಸ್ತಕದಲ್ಲಿ ಜನ ಬೆರಳಿಟ್ಟು ಮುಟ್ಟಿ ನೋಡುವ ಜಾಗ ಅದೇ.

ಅಂತರ್ಜಾಲದಲ್ಲಿ ಸಿಗುವ ಹಿಮ, ಜಾರುಬಂಡಿ, ದೇವದಾರು ಕೊಂಬೆಗಳ ಅಲಂಕಾರ ನಿಮ್ಮ ಪುಸ್ತಕಕ್ಕೆ ಬೇಡವೆಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಹಳೆಯ ಮನೆಯಿಂದ ತಂದ ವಸ್ತುಗಳು ಇದ್ದೇ ಇರುತ್ತವೆ: ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಹಂಚುತ್ತಿದ್ದ ತಟ್ಟೆಯ ಮೇಲಿನ ಕಸೂತಿ ಬಟ್ಟೆ, ನೆವ್ರಿಯ (ಕರ್ಜಿಕಾಯಿಯ) ಅಂಚು ಕತ್ತರಿಸುವ ಹಲ್ಲುಗಾಲಿ, ಗೋದಲಿಯ (ಯೇಸುವಿನ ಜನನದ ಪ್ರತಿಕೃತಿಯ) ಕಿವಿ ಮುರಿದ ಕುರಿ. ಬಟ್ಟೆಯನ್ನು ನೇರವಾಗಿ ಸ್ಕ್ಯಾನರಿನ ಮೇಲೆ ಹರಡಿದರೆ ಅದೇ ಹಿನ್ನೆಲೆಯ ಕಾಗದವಾಗುತ್ತದೆ. ಮೂಲ ಸ್ಕ್ಯಾನುಗಳನ್ನು ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ಇಟ್ಟುಕೊಳ್ಳಿ, ಏಕೆಂದರೆ ಜೆಪೆಗ್ ಕಡತವನ್ನು ತಿದ್ದಿ ಮತ್ತೆ ಉಳಿಸಿದಂತೆಲ್ಲ ಗುಣಮಟ್ಟ ಇಳಿಯುತ್ತದೆ. ಒಂದು ಪ್ರತಿ ಬೇರೆ ಊರಿನ ಸಂಬಂಧಿಕರ ಬಳಿ ಇರಲಿ. ಪರದೆಯ ಮೇಲೆ ಹೊಳೆಯುವ ಬಣ್ಣ ಮುದ್ರಣದಲ್ಲಿ ಮಂಕಾಗುವುದರಿಂದ, ಪೂರ್ತಿ ಪುಸ್ತಕಕ್ಕೆ ಹಣ ಕೊಡುವ ಮೊದಲು ಒಂದೇ ಒಂದು ಪುಟವನ್ನು ಮುದ್ರಿಸಿ ನೋಡಿ.

ಪ್ರಶ್ನೆ: ಶುಭಾಶಯ ಪತ್ರದಲ್ಲಿ ಕನ್ನಡ ಅಕ್ಷರ ಹಾಕಿದರೆ ಫೋಟೊಶಾಪ್‌ನಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗುತ್ತವೆ. ಇಂಗ್ಲಿಷಿನಲ್ಲೇ ಬರೆಯಬೇಕೆ?
— ಕಾಲೇಜು ವಿದ್ಯಾರ್ಥಿನಿ, ಕುಮಟಾ

ಉತ್ತರ: ಖಂಡಿತ ಬೇಡ. ದೋಷ ಅಕ್ಷರದ್ದಲ್ಲ, ತಂತ್ರಾಂಶದ ಆಯ್ಕೆಯದು. ಪ್ರಿಫರೆನ್ಸಸ್‌ನಲ್ಲಿ ಟೈಪ್ ಎಂಬ ವಿಭಾಗಕ್ಕೆ ಹೋಗಿ, ಹಳೆಯ ಆವೃತ್ತಿಯಾದರೆ ‘ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’, ಹೊಸದಾದರೆ ‘ವರ್ಲ್ಡ್ ರೆಡಿ’ ಎಂಬುದನ್ನು ಆರಿಸಿ, ತಂತ್ರಾಂಶವನ್ನು ಮುಚ್ಚಿ ತೆರೆದು, ಅಕ್ಷರಗಳನ್ನು ಹೊಸ ಪದರದಲ್ಲಿ ಮತ್ತೆ ಟೈಪ್ ಮಾಡಿ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಅಕ್ಷರಶೈಲಿಯಲ್ಲಿ ಬರೆದಿಟ್ಟ ಸಾಲುಗಳಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ‘ನೋಟೊ ಸೆರಿಫ್ ಕನ್ನಡ’ ಎಂಬ ಅಕ್ಷರಶೈಲಿ ಗಂಭೀರವಾಗಿ ಕಾಣುತ್ತದೆ. ಮಕ್ಕಳ ಕಾರ್ಡಿಗೆ ದುಂಡಗಿನ ‘ಬಲೂ ತಮ್ಮ’ ಅಕ್ಷರಶೈಲಿ ಚೆನ್ನ. ಎರಡೂ ಉಚಿತ. ‘ಕ್ರಿಸ್‌ಮಸ್’ ಎಂದು ಬಿಡಿಸಿ ಬರೆಯುವಾಗ ‘ಸ್’ ಮತ್ತು ‘ಮ’ಗಳ ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಸುವ ಚಿಹ್ನೆ ಇರುತ್ತದೆ. ಅದು ಬಿಟ್ಟುಹೋದರೆ ಪದ ‘ಕ್ರಿಸ್ಮಸ್’ ಆಗುತ್ತದೆ. ಎರಡೂ ಬಳಕೆಯಲ್ಲಿವೆ, ಆದರೆ ಒಂದೇ ಕಾರ್ಡಿನಲ್ಲಿ ಎರಡೂ ಬರದಂತೆ ನೋಡಿಕೊಳ್ಳಿ.

ಪ್ರಶ್ನೆ: ಕುವೈತ್‌ನಲ್ಲಿರುವ ಅಣ್ಣನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸ್ಕ್ರ್ಯಾಪ್‌ಬುಕ್ ಪುಟ ಅಲ್ಲಿ ಮುದ್ರಿಸಿದಾಗ ಮಸುಕಾಗಿ ಬಂದಿದೆ. ಏಕೆ?
— ಓದುಗರು, ಅಂಕೋಲಾ

ಉತ್ತರ: ಚಿತ್ರವಾಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ. ಪಿನ್ನಿನ ಗುರುತನ್ನು ಒತ್ತಿ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಆಗ ಮೂಲ ಕಡತ ಹಾಗೆಯೇ ತಲುಪುತ್ತದೆ. ಹಲವು ಪುಟಗಳಿದ್ದರೆ ಒಂದೇ ಪಿಡಿಎಫ್ ಮಾಡಿ.

ಪ್ರಶ್ನೆ: ಪ್ರತಿವರ್ಷ ದಪ್ಪ ಕಾಗದ ಮಡಿಸಿ ನಕ್ಷತ್ರ ಮಾಡಿ ಅಂಗಳದಲ್ಲಿ ಕಟ್ಟುತ್ತೇವೆ. ಮೂರನೆಯ ದಿನಕ್ಕೇ ತುದಿಗಳು ಜೋತುಬೀಳುತ್ತವೆ. ಅಪ್ಪ ಬಿದಿರು ಕಡ್ಡಿಯಲ್ಲಿ ಮಾಡುತ್ತಿದ್ದ ನಕ್ಷತ್ರ ಹೀಗಾಗುತ್ತಿರಲಿಲ್ಲ.
— ಗೃಹಿಣಿ, ಹೊನ್ನಾವರ

ಉತ್ತರ: ನಿಮ್ಮ ತಂದೆಯವರ ನಕ್ಷತ್ರದಲ್ಲಿ ಭಾರ ಹೊರುತ್ತಿದ್ದುದು ಬಿದಿರು. ನಿಮ್ಮದರಲ್ಲಿ ಕಾಗದವೇ ಹೊರಬೇಕು, ಮತ್ತು ಕಾಗದ ಗಾಳಿಯಲ್ಲಿನ ತೇವವನ್ನು ಹೀರಿ ಹಿಗ್ಗುವ ವಸ್ತು. ಕಾಗದಕ್ಕೂ ಮರದಂತೆ ಎಳೆಯ ದಿಕ್ಕು ಇದೆ. ಹಾಳೆಯನ್ನು ಎರಡೂ ದಿಕ್ಕಿನಲ್ಲಿ ಮೆಲ್ಲಗೆ ಬಾಗಿಸಿ ನೋಡಿದರೆ ಒಂದು ದಿಕ್ಕಿನಲ್ಲಿ ಸುಲಭವಾಗಿ ಬಾಗುತ್ತದೆ. ಆಗ ಬಾಗಿನ ಗೆರೆ ಇರುವ ಕಡೆಗೇ ಎಳೆ ಇದೆ ಎಂದು ತಿಳಿಯಬೇಕು. ನಕ್ಷತ್ರದ ತೋಳಿನ ಉದ್ದ ಎಳೆಯ ಗುಂಟ ಇರುವಂತೆ ಕತ್ತರಿಸಿದರೆ ಮಡಿಕೆ ಒಡೆಯುವುದಿಲ್ಲ, ತುದಿಯೂ ಬಿಗಿಯಾಗಿ ನಿಲ್ಲುತ್ತದೆ. 200 ಜಿಎಸ್‌ಎಂಗಿಂತ (ಚದರ ಮೀಟರಿಗೆ 200 ಗ್ರಾಂ ತೂಕ) ದಪ್ಪದ ಹಾಳೆಯನ್ನು ಮಡಿಸುವ ಮೊದಲು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿಕೊಳ್ಳಿ. ಅಂಟನ್ನು ತೆಳುವಾಗಿ ಹಚ್ಚಿ. ಫೆವಿಕಾಲ್‌ನಲ್ಲಿ ನೀರಿನ ಅಂಶ ಇರುವುದರಿಂದ ಹೆಚ್ಚಾದರೆ ಕಾಗದ ಅಲೆಅಲೆಯಾಗುತ್ತದೆ. ಅಂಗಳದ ಇಬ್ಬನಿಗೆ ಯಾವ ಕಾಗದವೂ ತಡೆಯುವುದಿಲ್ಲ, ಆದ್ದರಿಂದ ಮಾಡಿನ ಅಡಿಗೆ ಕಟ್ಟಿ. ಒಳಗೆ ಎಲ್‌ಇಡಿ ದೀಪವೇ ಇರಲಿ, ಹಳೆಯ ತಂತಿಬಲ್ಬಿನ ಬಿಸಿ ಕಾಗದಕ್ಕೆ ಅಪಾಯ.

ಹಲವು ಕೋನಗಳ ನಕ್ಷತ್ರದ ನಮೂನೆ ಸಿಕ್ಕಿ, ಅದರಲ್ಲಿ 25 ತೋಳುಗಳಿದ್ದರೆ, 26ಕ್ಕೆ ಒಂದು ಕಡಿಮೆಯಾಯಿತೆಂದು ಗಾಬರಿಯಾಗಬೇಡಿ. ಜರ್ಮನಿಯ ನೀಸ್ಕಿಯಲ್ಲಿ, ಮೊರೇವಿಯನ್ ಎಂಬ ಕ್ರೈಸ್ತ ಪಂಥದ ಶಾಲೆಯೊಂದರಲ್ಲಿ 1830ರ ದಶಕದಲ್ಲಿ ರೇಖಾಗಣಿತದ ಪಾಠವಾಗಿ ಹುಟ್ಟಿದ ನಕ್ಷತ್ರ ಅದು. ಚೌಕ ತಳದ 17, ತ್ರಿಕೋನ ತಳದ 8 ತೋಳುಗಳನ್ನು ಜೋಡಿಸಿ, ಮೇಲಿನ ಒಂದು ಚೌಕವನ್ನು ದೀಪಕ್ಕೂ ದಾರಕ್ಕೂ ತೆರೆದಿಡುತ್ತಾರೆ.

ಆದರೂ ನಿಮ್ಮ ತಂದೆಯವರ ನಕ್ಷತ್ರವನ್ನು ಮತ್ತೆ ಮಾಡಿ ಎಂಬುದೇ ನನ್ನ ಮನಃಪೂರ್ವಕ ಸಲಹೆ. ಬಿದಿರಿನ ದಬ್ಬೆಯಿಂದ 60 ಸೆಂ.ಮೀ. ಉದ್ದದ 10 ಕಡ್ಡಿಗಳನ್ನು ಸೀಳಿ ನಯವಾಗಿ ಕೆತ್ತಿಕೊಳ್ಳಿ. ಐದೈದು ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ಪಂಚಕೋನದ ನಕ್ಷತ್ರವಾಗಿ ದಾರದಿಂದ ಕಟ್ಟಿದರೆ ಎರಡು ಚೌಕಟ್ಟು ಆಗುತ್ತವೆ. ಅವುಗಳ ಐದು ತುದಿಗಳನ್ನು ಒಟ್ಟಿಗೆ ಬಿಗಿದು, ಒಳಗೆ ಕಡ್ಡಿಗಳು ಹಾಯುವ ಐದು ಸಂದುಗಳಲ್ಲಿ 10 ಸೆಂ.ಮೀ. ತುಂಡುಗಳನ್ನು ಅಡ್ಡವಾಗಿ ನಿಲ್ಲಿಸಿದಾಗ ನಕ್ಷತ್ರ ಉಬ್ಬಿ ನಿಲ್ಲುತ್ತದೆ. ತೆಳುವಾದ ಬಣ್ಣದ ಟಿಶ್ಯೂ ಕಾಗದ ಅಂಟಿಸಲು ಮೈದಾ ಅಂಟು ಸಾಕು: ಒಂದು ಚಮಚ ಮೈದಾಕ್ಕೆ ಐದಾರು ಚಮಚ ನೀರು ಹಾಕಿ, ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಬಣ್ಣ ತಿರುಗುವವರೆಗೆ ಕೈಯಾಡಿಸಬೇಕು. ಹುಳ ಹಿಡಿಯದಿರಲೆಂದು ಬೈಂಡಿಂಗ್ ಮಾಡುವವರು ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ಅದು ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಅದೇ ಮೈಲುತುತ್ತ, ವಿಷ. ಮಕ್ಕಳು ಕೈ ಹಚ್ಚುವ ಕೆಲಸದಲ್ಲಿ ಬೇಡವೇ ಬೇಡ. ಒಂದು ಪಕ್ಕದ ಕಾಗದವನ್ನು ಪೂರ್ತಿ ಅಂಟಿಸದೆ, ದೀಪ ಇಳಿಸಲು ಬಾಗಿಲಿನಂತೆ ಬಿಡಿ.

ಪ್ರಶ್ನೆ: ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಮಕ್ಕಳಿಂದ ಕಡಿಮೆ ಖರ್ಚಿನಲ್ಲಿ ಕ್ರಿಸ್‌ಮಸ್ ಕಾರ್ಡ್ ಮಾಡಿಸಬೇಕು. ತೆರೆದಾಗ ಎದ್ದು ನಿಲ್ಲುವ ಗೋದಲಿ ಇರಲೆಂದು ಮಕ್ಕಳ ಹಟ. ನಾವು ಪ್ರಯತ್ನಿಸಿದ್ದು ಮುಚ್ಚಿದಾಗ ಹೊರಗೆ ಇಣುಕುತ್ತದೆ.
— ಶಿಕ್ಷಕಿ, ಶಿರಸಿ

ಉತ್ತರ: ಡ್ರಾಯಿಂಗ್ ಹಾಳೆಯನ್ನು ಎ4 ಅಳತೆಗೆ ಕತ್ತರಿಸಿ ಅರ್ಧ ಮಾಡಿದರೆ ಇಬ್ಬರು ಮಕ್ಕಳಿಗೆ ಸಾಕಾಗುತ್ತದೆ. ಆ ಅರ್ಧವನ್ನು ನಡುವೆ ಮಡಿಸಿದಾಗ ಪ್ರತಿ ಬದಿ 10.5 ಸೆಂ.ಮೀ. ಇರುತ್ತದೆ. ಮಡಿಕೆಯ ಕಡೆಯಿಂದ, 3 ಸೆಂ.ಮೀ. ಅಂತರದಲ್ಲಿ, 3.5 ಸೆಂ.ಮೀ. ಉದ್ದದ ಎರಡು ಸೀಳು ಕೊಟ್ಟು, ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿ ಮಡಿಸಿದರೆ ಕಾರ್ಡ್ ತೆರೆದಾಗ ಒಂದು ಮೆಟ್ಟಿಲು ಎದ್ದು ನಿಲ್ಲುತ್ತದೆ. ಗೋದಲಿಯ ಚಿತ್ರವನ್ನು ಆ ಮೆಟ್ಟಿಲಿನ ಮುಖಕ್ಕೆ ಅಂಟಿಸಬೇಕು. ಸೀಳಿನ ಉದ್ದ ಮತ್ತು ಚಿತ್ರದ ಎತ್ತರ ಎರಡನ್ನೂ ಕೂಡಿದಾಗ 10.5 ದಾಟಬಾರದು, ಎಂದರೆ ಚಿತ್ರ 7 ಸೆಂ.ಮೀ. ಒಳಗಿದ್ದರೆ ಇಣುಕುವುದಿಲ್ಲ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ಅಳತೆಯ ಪಾಠವೂ ಆಗುತ್ತದೆ.

ಕಾರ್ಡಿನೊಳಗೆ ಅಚ್ಚಿನ ಸಾಲು ಅಂಟಿಸುವ ಬದಲು ಜಾಗ ಖಾಲಿ ಬಿಡಿ. ಮಾರಾಟಕ್ಕೆಂದು ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡನ್ನು 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರು ಜಾನ್ ಕಾಲ್‌ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಬರೆಸಿದಾಗ, ಎಲ್ಲರಿಗೂ ಪತ್ರ ಬರೆಯಲು ಪುರುಸೊತ್ತಿಲ್ಲದ್ದೇ ಕಾರಣವಾಗಿತ್ತು ಎನ್ನುತ್ತಾರೆ. ನಾಲ್ಕನೆಯ ತರಗತಿಯ ಮಕ್ಕಳಿಗೆ ಪುರುಸೊತ್ತು ಇದೆ. ಯಾರಿಗೆ ಕೊಡುತ್ತಾರೋ ಅವರ ಹೆಸರನ್ನೂ ಅವರ ಬಗ್ಗೆ ಒಂದು ಸ್ವಂತ ವಾಕ್ಯವನ್ನೂ ಬರೆಯಲಿ, ಅಕ್ಷರ ಸೊಟ್ಟಗಿದ್ದರೂ ತಿದ್ದಿಸಬೇಡಿ.

ಗೋದಲಿಯ ಮಾಡಿಗೆ ನಿಮ್ಮಲ್ಲಿ ಧಾರಾಳವಾಗಿ ಸಿಗುವ ಅಡಿಕೆ ಹಾಳೆಯನ್ನೇ (ಸೋಗೆಯ ಬುಡದ ಅಗಲವಾದ ಪೊರೆಯನ್ನೇ) ಬಳಸಿ. ಹಾಳೆಯ ತೆಳುವಾದ ಅಂಚನ್ನು ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ, ಹಳೆಯ ಪತ್ರಿಕೆಗಳ ನಡುವೆ ಇಟ್ಟು ಕಲ್ಲಿನ ಭಾರ ಹೇರಿ. ಹಸಿಯಾಗಿರುವಾಗಲೇ ಅಂಟಿಸಿದರೆ ಕಾರ್ಡಿಗೆ ಬೂಸು ಬರುತ್ತದೆ. ಎರಡು ದಿನವಾದರೂ ಒಣಗಬೇಕಾದ್ದರಿಂದ, ಕಾರ್ಡಿನ ಕೆಲಸ ಗುರುವಾರವೆಂದಾದರೆ ಹಾಳೆ ನೆನೆಸುವ ಕೆಲಸವನ್ನು ಸೋಮವಾರವೇ ಮಾಡಿಸಿ.